ಏಕಾಕಿಯವರಿಗೆ ಬಂದ ಉತ್ತರ

ಬರೆದ ಕಾಗದಕ್ಕೆ ಉತ್ತರ ಬಾರದಿದ್ದರೆ ಮನುಷ್ಯ ಮೊದಲು ಅಂಚೆಯವನ ಮೇಲೆ ಅನುಮಾನಪಡುತ್ತಾನೆ, ಆಮೇಲೆ ವಿಳಾಸದ ಮೇಲೆ, ಕೊನೆಗೆ ತನ್ನ ಮೇಲೆ. ಮೊದಲೆರಡು ಮೆಟ್ಟಿಲುಗಳನ್ನು ಹಾರಿ ನೇರವಾಗಿ ಮೂರನೆಯದರ ಮೇಲೆ ಹೋಗಿ ಕೂಡುವ ಜಾತಿ ನನ್ನದು. ಆಗ ಕಲಬುರ್ಗಿಯಲ್ಲಿ ನಿಜಾಮರ ಆಳಿಕೆ. ಒಂದು ಸರಕಾರಿ ದಫ್ತರದ ಹಳೇ ಕಾಗದಗಳ ಕೋಣೆಯಲ್ಲಿ ನಾನು ಮುನ್ಶಿ. ಹಗಲೆಲ್ಲ ಉರ್ದುವಿನಲ್ಲಿ ಬರೆಯುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಕನ್ನಡದಲ್ಲಿ ಗೊಣಗುತ್ತಿದ್ದೆ. ಸ್ಟೇಶನ್ ಬಜಾರದ ಹಿಂದೆ ಒಂದು ಕೋಣೆ ಹಿಡಿದಿದ್ದೆ. ಮದುವೆಯಾಗಿರಲಿಲ್ಲ, ಮಾಡಿಕೊಳ್ಳೆಂದು ಹೇಳುವ ಹಿರಿಯರೂ ಉಳಿದಿರಲಿಲ್ಲ. ಊಟ ಗಂಗಮ್ಮನ ಖಾನಾವಳಿಯಲ್ಲಿ. "ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?" ಎಂದು ಆಕೆ ಕೇಳುತ್ತಿದ್ದಳು, "ಸಾಕ್ರಿ" ಎಂದು ನಾನು ಹೇಳುತ್ತಿದ್ದೆ. ಎಷ್ಟೋ ದಿನ ನನ್ನ ಸ್ವಂತ ವಿಷಯದ ಬಗ್ಗೆ ನಡೆದ ಅತಿ ದೀರ್ಘವಾದ ಸಂಭಾಷಣೆ ಅದೇ. ಮಾತು ಇನ್ನಷ್ಟು ಬೆಳೆಯಲೆಂದು ಒಮ್ಮೆ "ಹಾಕ್ರಿ" ಎಂದೆ. ಆಕೆ ರೊಟ್ಟಿ ಹಾಕಿ ಮುಂದಿನ ಪಂಕ್ತಿಗೆ ಹೋದಳು. ರೊಟ್ಟಿ ಹೆಚ್ಚಾಯಿತು, ಮಾತು ಅಷ್ಟೇ ಉಳಿಯಿತು.

ಇಂಥ ಮನುಷ್ಯನಿಗೆ ಗಂಜ್ ಪೇಟೆಯಲ್ಲಿ ಒಂದು ಗುಟ್ಟಿನ ಸಂಬಂಧ ಸಿಕ್ಕಿತೆಂದರೆ ನೀವು ಬೇರೆ ಏನೋ ಎಣಿಸಬಾರದು. ಕಮಲಾಪುರದಿಂದ ಕೆಂಪು ಬಾಳೆಹಣ್ಣು ತಂದು ಮಾರುವ ಶಾಂತವ್ವನೆಂಬ ಮುದುಕಿ ಅಲ್ಲಿ ಕೂಡುತ್ತಿದ್ದಳು. ಆಕೆಗೆ "ಎಲಿ ಸಮೇತ ಕೊಡ್ರಿ" ಎಂದು ಹೇಳಿದರೆ ಹಣ್ಣಿನ ಕೆಳಗೆ ಬಾಳೆ ಎಲೆ, ಎಲೆಯ ಕೆಳಗೆ ನಾಲ್ಕು ಪುಟದ ಒಂದು ಕನ್ನಡ ಪತ್ರಿಕೆ ಬರುತ್ತಿತ್ತು. ಅದರ ಹೆಸರು 'ಓಣಿ'. ಕಮಲಾಪುರದ ಗುರುಪಾದಪ್ಪನವರೆಂಬ ವ್ಯಾಪಾರಸ್ಥರು ತಮ್ಮ ಮನೆಯ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜದಲ್ಲಿ, ಕಲ್ಲಚ್ಚಿನ ಯಂತ್ರ ಇಟ್ಟುಕೊಂಡು ಅದನ್ನು ಮುದ್ರಿಸುತ್ತಿದ್ದರು. ಪರವಾನಗಿ ಇರಲಿಲ್ಲ, ಕೇಳಿದರೆ ಸಿಗುವ ಭರವಸೆಯೂ ಇರಲಿಲ್ಲ. ಹಾಗೆಂದು ಅದರಲ್ಲಿ ರಾಜದ್ರೋಹವೇನೂ ಇರುತ್ತಿರಲಿಲ್ಲ; ಇದ್ದದ್ದು ಒಂದಿಷ್ಟು ಕಥೆ, ಪದ್ಯ, ಒಗಟು, ಅಲ್ಲಲ್ಲಿ ವ್ಯಾಕರಣದ್ರೋಹ. ನಾಲ್ಕು ಪುಟ ಓದುವುದಕ್ಕೆ ಒಂದು ಡಜನ್ ಹಣ್ಣು ಕೊಳ್ಳಬೇಕು, ಕೊಂಡದ್ದನ್ನು ಒಬ್ಬನೇ ತಿನ್ನಬೇಕು. ಕನ್ನಡ ಸಾಹಿತ್ಯಕ್ಕಾಗಿ ಜನ ಏನೇನೋ ತ್ಯಾಗ ಮಾಡಿದ್ದಾರೆ. ನಾನು ಹೊಟ್ಟೆಯುಬ್ಬರ ಅನುಭವಿಸಿದೆ.

ಓದುವಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕೋಣೆಯ ಕಿಟಕಿಯಿಂದ ರೇಲ್ವೆಯ ಸಿಗ್ನಲ್ ಕಂಬ ಕಾಣುತ್ತಿತ್ತು. ಬರುವ ಗಾಡಿಗೆಲ್ಲ ಅದು ಕೈ ಇಳಿಸುತ್ತದೆ, ಯಾವ ಗಾಡಿಯೂ ಅದಕ್ಕಾಗಿ ನಿಲ್ಲುವುದಿಲ್ಲ ಎಂದು ನನಗೆ ಹೊಳೆದುಬಿಟ್ಟಿತು. ಹೊಳೆದದ್ದನ್ನು ಇಪ್ಪತ್ತು ನುಡಿಯ ಪದ್ಯ ಮಾಡಿ, 'ಏಕಾಕಿ' ಎಂದು ಸಹಿ ಹಾಕಿ, ಸಂಪಾದಕರಿಗೆ ಒಂದು ಉದ್ದನೆಯ ಕಾಗದವನ್ನೂ ಲಗತ್ತಿಸಿ ಶಾಂತವ್ವನ ಖಾಲಿ ಬುಟ್ಟಿಯಲ್ಲಿಟ್ಟೆ. ಕಾಗದದಲ್ಲಿ ಏನೇನು ಬರೆದೆನೋ. ಬರೆಯುತ್ತ ಹೋದಂತೆ ಎದುರಿಗೆ ಯಾರೋ ಕೂತು ಕೇಳುತ್ತಿದ್ದಾರೆನಿಸಿ ಕೈ ನಿಲ್ಲಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಉತ್ತರವಿಲ್ಲ. ಮೂರನೆಯ ತಿಂಗಳು ಶಾಂತವ್ವ ನನ್ನ ಮುಖ ನೋಡದೆ ಹೇಳಿದಳು: "ಎಲಿ ಬರಂಗಿಲ್ರಿ ಇನ್ನ. ಬರೇ ಹಣ್ಣ ಅವ. ಬೇಕಾದ್ರ ಒಯ್ರಿ." ನನ್ನ ಪದ್ಯ ಓದಿಯೇ ಪತ್ರಿಕೆ ಮುಚ್ಚಿದರೇನೋ ಎಂದು ಎರಡು ದಿನ ಕೊರಗಿದೆ.

ನಿಜ ಸಂಗತಿ ಮುಂದಿನ ವಾರ ದಫ್ತರಕ್ಕೇ ನಡೆದುಬಂತು. ಕೆಂಪು ಬಟ್ಟೆಯಲ್ಲಿ ಕಟ್ಟಿದ ದೊಡ್ಡದೊಂದು ಗಂಟನ್ನು ಸಾಹೇಬರು ನನ್ನ ಮೇಜಿನ ಮೇಲಿಡಿಸಿದರು. ನಮ್ಮ ಸಾಹೇಬರು ಹೈದರಾಬಾದಿನವರು, ಮೆತ್ತಗೆ ಮಾತಾಡುವವರು, ಶಾಯರಿಯ ಹುಚ್ಚಿನವರು. "ಮುನ್ಶಿಜೀ, ಕಮಲಾಪುರದಾಗ ಒಂದ್ ಚೋರ್ ಛಾಪಖಾನಾ ಸಿಕ್ಕದ. ಅದರ ಕಾಗಜ್ ಇವೆಲ್ಲಾ. ಆದ್ಮಿ ಜಾಮೀನ್ ಮ್ಯಾಲ ಹೊರಗ ಇದ್ದಾನ. ನೀವು ಪೂರಾ ಓದಿ ಉರ್ದುದಾಗ ಬರದ್ ಕೊಡ್ರಿ. ಖತರನಾಕ್ ಏನರೆ ಇದ್ರ ಅಂವಗ ಜೈಲು, ಇಲ್ಲಾಂದ್ರ ತಾಕೀತು," ಎಂದರು. ಪ್ರತಿ ಹಾಳೆಯ ಮೇಲೂ ನಂಬರು ಬಿದ್ದಿತ್ತು. ಒಂದನ್ನೂ ಮಾಯ ಮಾಡುವಂತಿರಲಿಲ್ಲ.

ನನ್ನ ಕಾಗದವೂ ಇದರಲ್ಲಿದೆಯೆಂಬ ಭಯದಲ್ಲೇ ಗಂಟು ಬಿಚ್ಚಿದೆನೆನ್ನಿ. ಆದರೆ ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹತ್ತು ದಿನ ನನಗೆ ಹಬ್ಬ. ನನ್ನ ಹಾಗೆ ಹಣ್ಣು ತಿಂದು ಸುಸ್ತಾದವರ ಕಾಗದಗಳು, ಮರಳಿಸಬೇಕೆಂದು ಎತ್ತಿಟ್ಟ ಕಥೆಗಳು, ಗುರುಪಾದಪ್ಪನವರು ಬರೆದಿಟ್ಟ ಉತ್ತರಗಳು. ಇಷ್ಟು ಜನರ ನಡುವೆ ನಾನು ಎಂದೂ ಕೂತಿರಲಿಲ್ಲ. ನಾಲ್ಕನೆಯ ದಿನ ನನ್ನ ಸಿಗ್ನಲ್ ಕಂಬ ಎದುರಾಯಿತು. ಅದಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿದ ಒಂದು ಹಾಳೆ: "ಏಕಾಕಿಯವರಿಗೆ ಶರಣು. ನಿಮ್ಮ ಪದ್ಯ ಓದಿದೆ. ಇಪ್ಪತ್ತು ನುಡಿ ಮುಗಿದರೂ ಕಂಬ ನಿಂತಲ್ಲೇ ನಿಂತಿದೆ. ಅಚ್ಚು ಹಾಕಲಾರೆ, ಕ್ಷಮಿಸಬೇಕು. ಆದರೆ ಪದ್ಯದ ಜೊತೆ ಬರೆದ ಕಾಗದವಿದೆಯಲ್ಲ, ಖಾನಾವಳಿಯಲ್ಲಿ ಒಬ್ಬರೇ ಕೂತು ಉಣ್ಣುವ ವಿಷಯ, ಅದನ್ನು ನಮ್ಮ ಮನೆಯಲ್ಲಿ ಎರಡು ಸಲ ಓದಿಕೊಂಡೆವು. ಒಪ್ಪಿದರೆ ಅದನ್ನೇ ಹಾಕುತ್ತೇನೆ. ಒಮ್ಮೆ ಕಮಲಾಪುರಕ್ಕೆ ಬರಬೇಕು. ಕೂಡಿ ಉಣ್ಣೋಣ."

ಆ ಹಾಳೆಯ ಮಸಿ ಒಣಗಿ, ಅದು ಶಾಂತವ್ವನ ಬುಟ್ಟಿ ಸೇರುವ ಮೊದಲೇ ಪೊಲೀಸರು ಬಂದಿದ್ದರು. ಉತ್ತರ ಬರೆದಿದ್ದರು ಮಾರಾಯರೇ! ನನಗೇ ಬರೆದಿದ್ದರು! ನಾನು ಪಕ್ಕದ ಗುಮಾಸ್ತನಿಗೆ ಕಾಣದಂತೆ ರುಮಾಲಿನ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನನ್ನ ಪದ್ಯದ ತಿರಸ್ಕಾರವನ್ನು ನಾನೇ ಶುದ್ಧ ಉರ್ದುವಿಗೆ ಅನುವಾದಿಸಲು ಕೂತೆ. ಪದ್ಯವನ್ನೂ ಅನುವಾದಿಸಿದೆ. ಗುಟ್ಟು ಹೇಳುವುದಾದರೆ, ಅನುವಾದದಲ್ಲಿ ಸ್ವಲ್ಪ ಸುಧಾರಿಸಿದೆ.

ಸಾಹೇಬರು ಓದಿದರು. "ಎಡಿಟರ್ ಖರೇ ಹೇಳ್ಯಾನ. ಖಂಬಾ ಹಿಲತಾ ನಹೀ, ಕಂಬ ಅಲ್ಲಾಡಂಗಿಲ್ಲ," ಎಂದರು. ಸುಧಾರಿಸಿದ್ದೂ ವ್ಯರ್ಥ. ಆಮೇಲೆ ಖಾನಾವಳಿಯ ಕಾಗದಕ್ಕೆ ಬಂದವರು ಅದನ್ನು ಮೊದಲಿನಿಂದ ಮತ್ತೊಮ್ಮೆ ಓದಿದರು. "ಈ ಏಕಾಕಿ ಯಾರು?"

"ಗೊತ್ತಿಲ್ರಿ, ಹುಜೂರ್."

"ಬಹುತ್ ಅಕೇಲಾ ಆದ್ಮಿ. ಭಾಳ ಒಂಟಿ ಮನಷ್ಯಾ," ಎಂದರು. ನನ್ನನ್ನು ನೋಡಿದರೋ, ಕಿಟಕಿಯನ್ನು ನೋಡಿದರೋ ತಿಳಿಯಲಿಲ್ಲ. ಅಪಾಯಕಾರಿಯಾದದ್ದೇನೂ ಇಲ್ಲ, ಯಂತ್ರ ಜಪ್ತಿ, ಮನುಷ್ಯನಿಗೆ ತಾಕೀತು, ಕಾಗದಗಳನ್ನು ಶಾಶ್ವತವಾಗಿ ದಫ್ತರದಲ್ಲಿಡತಕ್ಕದ್ದು ಎಂದು ಬರೆದು ಸಹಿ ಹಾಕಿದರು. ನನಗೆ ಬಂದ ಉತ್ತರವನ್ನು ನಾನೇ ಗಂಟು ಕಟ್ಟಿ ಮೇಲಿನ ಕಪಾಟಿನಲ್ಲಿಟ್ಟೆ.

ಮುಂದಿನ ರಜೆಯ ದಿನ ಕಮಲಾಪುರಕ್ಕೆ ಹೊರಟೆ. ಕರೆದಿದ್ದಾರಲ್ಲ! ಇದ್ದದ್ದರಲ್ಲಿ ಒಳ್ಳೆಯ ಬಟ್ಟೆಯೆಂದರೆ ದಫ್ತರದ ಶೇರವಾನಿ, ಅದನ್ನೇ ತೊಟ್ಟೆ. ನನ್ನಂಥ ದಡ್ಡ ಇನ್ನೊಬ್ಬನಿರಲಾರ. ಶೇರವಾನಿ ಓಣಿಯೊಳಗೆ ಬಂದದ್ದೇ ತಡ, ಗುರುಪಾದಪ್ಪನವರು ಕಟ್ಟೆಯಿಂದ ಎದ್ದು ನಿಂತರು. ಬೆಳ್ಳಗಿನ ಮೀಸೆಯ, ತೆಳ್ಳಗಿನ ಮನುಷ್ಯ. ಕಲಬುರ್ಗಿ ದಫ್ತರದ ಮುನ್ಶಿ ಎಂದು ಹೇಳಿಕೊಂಡ ಕೂಡಲೇ ಹೆಗಲ ಮೇಲಿನ ವಲ್ಲಿಯಿಂದ ಕುರ್ಚಿ ಒರೆಸಿದರು.

"ಯಜಮಾನ್ರ, ನಾ ದಫ್ತರದ ಕೆಲಸಕ್ಕ ಬಂದಿಲ್ರಿ. ನಾನೇ ಏಕಾಕಿ," ಎಂದೆ.

ಅವರ ಮುಖ ಕಲ್ಲಾಯಿತು. "ಯಾವ ಏಕಾಕಿ ರೀ, ಸಾಹೇಬ್ರ? ಆ ಹೆಸರಿನವ್ರು ನನಗ ಗೊತ್ತೇ ಇಲ್ರಿ."

"ನೀವು ಬರದ್ ಉತ್ತರ ನನಗ ಬಾಯಿಪಾಠ ಅದರಿ."

"ನನ್ನ ಕಾಗದೆಲ್ಲಾ ನಿಮ್ ದಫ್ತರದಾಗೇ ಅದಾವಲ್ರಿ. ನಿಮಗ ಗೊತ್ತಿರ್ಲಾರದ ಮತ್ಯಾರಿಗ್ ಗೊತ್ತಿರ್ತದ?"

ಕೈಬರಹ ತೋರಿಸುತ್ತೇನೆಂದೆ, ಕಣ್ಣು ಕಾಣುವುದಿಲ್ಲ ಎಂದರು, ಓದುತ್ತಿದ್ದ ಪುಸ್ತಕವನ್ನು ಬೆನ್ನ ಹಿಂದೆ ಸರಿಸುತ್ತ. ಕೊನೆಗೆ ಸಿಗ್ನಲ್ ಕಂಬದ ಮೂರು ನುಡಿಗಳನ್ನು ಅಂಗಳದಲ್ಲಿ ನಿಂತು ಹೇಳಿಯೇಬಿಟ್ಟೆ. ನೋವು ಅವರ ಹುಬ್ಬಿನಲ್ಲಿ ಕಂಡಿತು, ಆದರೆ ಗುಟ್ಟು ಬಿಟ್ಟುಕೊಡಲಿಲ್ಲ. "ಹಿಂಥಾ ಪದ್ಯ ನಾ ಎಂದೂ ಓದಿಲ್ರಿ. ನನ್ನ ಮ್ಯಾಲ ಏನ್ ಬೇಕಾದ್ದು ಬರಕೋರಿ, ಯಾರ ಹೆಸರೂ ನನಗ ಗೊತ್ತಿಲ್ಲ."

ಆಗ ನನಗೆ ಅರ್ಥವಾಯಿತು. ಆ ಮನುಷ್ಯ ಏಕಾಕಿಯನ್ನು ಕಾಪಾಡುತ್ತಿದ್ದರು, ನನ್ನಿಂದ. ಜಗತ್ತಿನಲ್ಲಿ ನನಗಾಗಿ ಒಬ್ಬರು ಅಷ್ಟು ಗಟ್ಟಿಯಾಗಿ ನಿಂತದ್ದು ಅದೇ ಮೊದಲು. ಅವರನ್ನು ತಬ್ಬಿಕೊಳ್ಳೋಣವೆಂದರೆ ಅಡ್ಡ ನಾನೇ ನಿಂತಿದ್ದೆ. ಊಟದ ಹೊತ್ತಾಗಿತ್ತು. ಬಂದವರನ್ನು ಉಣ್ಣಿಸದೆ ಕಳಿಸುವ ಮನೆಯಲ್ಲ. ಮಣೆ ಹಾಕಿ, ರೊಟ್ಟಿ, ಪುಂಡಿಪಲ್ಯ, ಗಟ್ಟಿ ಮೊಸರು ಬಡಿಸಿದರು. "ನೀವೂ ಕೂಡ್ರಿ," ಎಂದೆ. "ಸರಕಾರದವರ ಸರಿಸಮ ನಾವು ಹ್ಯಾಂಗ ಕೂಡಬೇಕ್ರಿ?" ಎಂದು ಕೈ ಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ನಾನು ಒಬ್ಬನೇ ಉಂಡೆ. ಅಡಿಗೆ ಬಹಳ ಚೆನ್ನಾಗಿತ್ತು. ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದರು, "ಸಾಕ್ರಿ" ಎಂದೆ.

ಊರಿಗೆ ಮರಳಿ, ಏಕಾಕಿಯ ಹೆಸರಿನಲ್ಲಿ ಅದೇ ಕೈಬರಹದಲ್ಲಿ ಎರಡು ಸಾಲು ಕ್ಷೇಮಸಮಾಚಾರ ಕೇಳಿ ಬರೆದು, ಶಾಂತವ್ವನ ಕೈಗಿಟ್ಟೆ. "ಈ ಕಾಗದ ಯಾರ್ ಕೊಟ್ರಂತ ಕೇಳಿದ್ರ?" ಎಂದಳು. "ಹಣ್ಣ ಒಯ್ಯವ್ರು ಅನ್ರಿ," ಎಂದೆ. ಹದಿನೈದು ದಿನಕ್ಕೆ, ಹಣ್ಣಿನ ಕೆಳಗೆ, ಎಲೆಯ ಕೆಳಗೆ, ಉತ್ತರ ಬಂತು.

"ಏಕಾಕಿಯವರಿಗೆ ಶರಣು. ನಿಮ್ಮ ಅಕ್ಷರ ನೋಡಿ ಜೀವ ಬಂದಂತಾಯಿತು. ಯಂತ್ರ ಹೋಯಿತು, ಕಾಗದ ಬರೆಯುವ ಕೈ ಇದೆ; ನೀವೂ ಬರೆಯುತ್ತಿರಿ, ಪದ್ಯ ಬೇಡ. ಆದರೆ ಸದ್ಯಕ್ಕೆ ಈ ಕಡೆ ಕಾಲಿಡಬೇಡಿ. ದಫ್ತರದ ಮುನ್ಶಿಯೊಬ್ಬ ಬಂದಿದ್ದ, ನಾನೇ ಏಕಾಕಿ ಎಂದು ಸುಳ್ಳು ಹೇಳಿಕೊಂಡು. ನಿಮ್ಮ ಹೆಸರು ಬಿಟ್ಟುಕೊಡಲಿಲ್ಲ. ಉಣ್ಣುವಾಗ ಅವನ ಮುಖ ನೋಡಿ ಪಾಪ ಅನಿಸಿದ್ದು ನಿಜ. ಆದರೂ ಅವನು ಕಲಬುರ್ಗಿಯಲ್ಲೇ ಇರುವವನು. ನೀವು ಅವನ ಮೇಲೆ ಒಂದು ಕಣ್ಣಿಟ್ಟಿರಬೇಕು."

ಅವರಿರುವವರೆಗೂ ಹೀಗೆ ಬರೆದುಕೊಂಡೆವು, ಮತ್ತೆ ಭೇಟಿಯಾಗಲಿಲ್ಲ. ಅವರು ಹೇಳಿದಂತೆ ಆ ಮುನ್ಶಿಯ ಮೇಲೆ ಕಣ್ಣಿಟ್ಟೇ ಇದ್ದೇನೆ. ಅವನಿಂದ ಯಾರಿಗೂ ಅಪಾಯವಿದ್ದಂತೆ ಕಾಣುವುದಿಲ್ಲ. ಅವನ ಮನೆಗೆ ಯಾರೂ ಬರುವುದೂ ಇಲ್ಲ.