ಸ್ಯಾಮ್ ಸಾಹೇಬರ ಎಂಟು ದಿನದ ವ್ರತ

ನನಗೊಂದು ಕೆಟ್ಟ ಚಾಳಿಯಿದೆ. ಎದುರಿಗಿರುವವರು ಉಣ್ಣದೆ ಕುಳಿತರೆ ನನಗೆ ತುತ್ತು ಇಳಿಯುವುದಿಲ್ಲ. ಅವರು ಉಂಡರೂ ನನಗೆ ಸಮಾಧಾನವಿಲ್ಲ, ಇನ್ನಷ್ಟು ಉಣ್ಣಬೇಕು. ಇದು ನನ್ನ ಅಜ್ಜಿಯಿಂದ ಬಂದ ಆಸ್ತಿ. ಕಾಪುವಿನ ನಮ್ಮ ಮನೆಯಲ್ಲಿ ಯಾರಾದರೂ ಬಾಳೆಲೆಯ ಮೇಲೆ ಕೈ ಅಡ್ಡ ಹಿಡಿದರೆ ಅಜ್ಜಿ ಬೆರಳ ಸಂದಿಯಲ್ಲೇ ಸಾರು ಸುರಿಯುತ್ತಿದ್ದಳು. ಒಮ್ಮೆ ಹೆಣ್ಣು ನೋಡಲು ಬಂದ ನೆಂಟರೊಬ್ಬರು ಮೂರನೇ ಸಲದ ಪಾಯಸಕ್ಕೆ ಹೆದರಿ ಕೈ ತೊಳೆಯುವ ನೆಪದಲ್ಲಿ ಹೋದವರು ಸೀದಾ ಬಸ್ಸು ಹತ್ತಿದ್ದರು. ಆ ಸಂಬಂಧ ಕೂಡಿಬರಲಿಲ್ಲ. ಅಷ್ಟಾದರೂ ನಮಗೆ ಬುದ್ಧಿ ಬರಲಿಲ್ಲ ಎನ್ನಿ.

ಇಂಥ ನಾನು ಕುವೈತಿನ ಮೀನಾ ಅಬ್ದುಲ್ಲಾದಲ್ಲಿ ಒಂದು ಗುತ್ತಿಗೆ ಕಂಪನಿಯ ಸ್ಟೋರ್‌ಕೀಪರ್ ಆಗಿದ್ದೆ. ಸಾವಿರದ ಒಂಬೈನೂರ ತೊಂಬತ್ತರ ಏಪ್ರಿಲ್, ರಂಜಾನ್ ತಿಂಗಳು. ಉಪವಾಸವಿಲ್ಲದ ನಾವು ಫೈಲುಗಳ ಕೋಣೆಯ ಪರದೆ ಎಳೆದುಕೊಂಡು, ಸದ್ದಿಲ್ಲದೆ ಬುತ್ತಿ ಬಿಚ್ಚುತ್ತಿದ್ದೆವು. ನನ್ನ ಜೊತೆ ಕೂರುತ್ತಿದ್ದವರು ಅಮೆರಿಕದ ಸ್ಯಾಮ್ ಸಾಹೇಬರು. ಅರವತ್ತು ದಾಟಿದ, ಬೋಳುತಲೆಯ, ಪಂಪುಗಳ ಕಾಯಿಲೆ ಹುಡುಕುವುದರಲ್ಲಿ ನಿಷ್ಣಾತ ಮನುಷ್ಯ. ಮೂರು ತಿಂಗಳ ಕೆಲಸಕ್ಕೆ ಬಂದಿದ್ದರು. ನನ್ನ ಹೆಂಡತಿ ಸುಮತಿ ಕಟ್ಟಿಕೊಡುತ್ತಿದ್ದ ಇಡ್ಲಿ, ದೋಸೆಗಳಲ್ಲಿ ಅರ್ಧ ಅವರ ಪಾಲು. ಅಂಥವರು ಆ ವಾರ ಇದ್ದಕ್ಕಿದ್ದಂತೆ ನನ್ನ ಡಬ್ಬಿಯನ್ನು ಮುಟ್ಟುವುದನ್ನೇ ಬಿಟ್ಟರು. ಎರಡು ಬೇಯಿಸಿದ ಮೊಟ್ಟೆ, ಒಂದು ಆಲೂಗಡ್ಡೆ, ನಾಲ್ಕು ಖರ್ಜೂರ, ಅಷ್ಟೇ. ಮೊದಲ ದಿನ ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡೆ. ಎರಡನೇ ದಿನ ಸುಮತಿಯ ಕೈರುಚಿಯ ಮೇಲೇ ಅನುಮಾನ ಬಂತು. ಮೂರನೇ ದಿನ ತಡೆಯಲಾಗದೆ, "ಸಾಹೇಬ್ರೇ, ನಮ್ಮಿಂದ ಏನಾದರೂ ತಪ್ಪಾಯಿತಾ?" ಎಂದು ಕೇಳಿಯೇಬಿಟ್ಟೆ.

ಅವರು ಎದ್ದು ಬಾಗಿಲು ಹಾಕಿ ಬಂದು ಕುಳಿತರು. "ನಾನು ಯಹೂದಿ," ಎಂದರು. "ಇಲ್ಲಿನವರು ಒಳ್ಳೆಯವರೇ, ಆದರೂ ಇದು ಇಲ್ಲಿ ಡಂಗುರ ಸಾರುವ ವಿಷಯವಲ್ಲ. ನಿಮ್ಮಲ್ಲೇ ಇರಲಿ." ಅದು ಅವರ ಪಾಸೋವರ್ ಹಬ್ಬವಂತೆ. ಹಿಂದೆ ಅವರ ಹಿರಿಯರು ಈಜಿಪ್ಟಿನ ಗುಲಾಮಗಿರಿ ಬಿಟ್ಟು ಓಡುವಾಗ ಹಿಟ್ಟು ಹುಳಿಬಂದು ಉಬ್ಬುವಷ್ಟೂ ಪುರುಸೊತ್ತಿರಲಿಲ್ಲ. ಆ ನೆನಪಿಗೆ ಎಂಟು ದಿನ ಉಬ್ಬಿದ ಬ್ರೆಡ್ಡು ತಿನ್ನುವಂತಿಲ್ಲ, ತೆಳ್ಳಗಿನ ಗರಿಗರಿ ರೊಟ್ಟಿ ಮಾತ್ರ. ಆ ರೊಟ್ಟಿಯ ಪೆಟ್ಟಿಗೆಯನ್ನು ಸೂಟ್‌ಕೇಸಿನಲ್ಲಿ ತರಲು ಸಾಹೇಬರಿಗೆ ಧೈರ್ಯ ಬಂದಿರಲಿಲ್ಲ. "ವರ್ಷವಿಡೀ ನಾನೇನೂ ಅಂಥ ಮಡಿವಂತನಲ್ಲ. ಆದರೆ ಕಳೆದ ವರ್ಷ ಅಮ್ಮ ತೀರಿಕೊಂಡಳು. ಎಲ್ಲೇ ಇದ್ದರೂ ಈ ಎಂಟು ದಿನ ತಪ್ಪಿಸುವುದಿಲ್ಲ ಅಂತ ಅವಳಿಗೆ ಮಾತು ಕೊಟ್ಟಿದ್ದೇನೆ," ಎಂದು ಆಲೂಗಡ್ಡೆಗೆ ಉಪ್ಪು ಹಚ್ಚಿಕೊಂಡರು.

ಅದನ್ನು ನೋಡುತ್ತಿದ್ದಂತೆ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ತೆಳ್ಳಗಿನ, ಗರಿಗರಿಯಾದ, ಉಬ್ಬದ ರೊಟ್ಟಿ. ಕೋಳಿಸಾರಿನ ಜೊತೆ ತಿನ್ನುವ ನಮ್ಮ ಕೋರಿ ರೊಟ್ಟಿಯ ರೊಟ್ಟಿಯಲ್ಲದೆ ಮತ್ತೇನು ಅದು? ಊರಿಂದ ಅಕ್ಕ ಕಳಿಸಿದ್ದು ಫಿಂಟಾಸಿನ ನಮ್ಮ ಫ್ಲಾಟಿನಲ್ಲಿ ಒಂದು ಡಬ್ಬಿ ತುಂಬ ಇತ್ತು. ಏನೂ ಬಾಯಿಬಿಡದೆ, ಶುಕ್ರವಾರ ಮಧ್ಯಾಹ್ನ ಊಟಕ್ಕೆ ಬರಲೇಬೇಕು ಎಂದು ಹಟ ಹಿಡಿದೆ. ಹೆಂಡತಿಗೆ ವಿಷಯ ಹೇಳಬಹುದೇ ಎಂದು ಕೇಳಿದ್ದಕ್ಕೆ, "ಹೇಳದೆ ಅಡುಗೆ ಮಾಡಿಸುವುದು ಹೇಗೆ?" ಎಂದು ನಕ್ಕರು. ಚಿಪ್ಪಿನ ಜೀವಿಗಳು ಮಾತ್ರ ಬೇಡವೆಂದರು. ನಮ್ಮ ಕಡೆ ನೆಂಟರಿಗೆ ಮಾಡುವ ಸಿಗಡಿ, ಏಡಿ, ಮರುವಾಯಿ ಮೂರೂ ಅಲ್ಲಿಗೆ ಖಲಾಸ್.

ಸುಮತಿಗೆ ಇದೆಲ್ಲ ವಿವರಿಸುವ ಕಷ್ಟವೇ ಬರಲಿಲ್ಲ. "ವ್ರತ ಅಲ್ವಾ?" ಎಂದಳು, ಅಷ್ಟೇ. ದಿನಬಳಕೆಯ ಪಾತ್ರೆಗಳನ್ನು ಬದಿಗಿಟ್ಟು, ಮದುವೆಯಲ್ಲಿ ಉಡುಗೊರೆ ಬಂದು ಬಿಚ್ಚದೆಯೇ ಉಳಿದಿದ್ದ ಸ್ಟೀಲ್ ಪಾತ್ರೆಗಳನ್ನು ಅಟ್ಟದಿಂದ ಇಳಿಸಿದಳು. "ಅವರಿಗೆ ಏನೇನು ಆಗುತ್ತದೆ ಅಂತ ಸರಿಯಾಗಿ ಕೇಳಿದ್ದೀರಿ ತಾನೇ ಮಾರಾಯ್ರೆ?" ಎಂದಳು. "ನನಗೆ ಬಿಡು," ಎಂದೆ.

ಶುಕ್ರವಾರ ಸಾಹೇಬರು ಬಂದರು. ಮಾಂಜಿ ಮೀನಿನ ಸಾರಿನ ಪಕ್ಕದಲ್ಲಿ ನಾನೇ ಖುದ್ದಾಗಿ ರೊಟ್ಟಿಗಳನ್ನು ಜೋಡಿಸಿಟ್ಟೆ. ಅವರು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಕಣ್ಣು ಒದ್ದೆಯಾಯಿತು. ಯಾವುದೋ ಭಾಷೆಯಲ್ಲಿ ಎರಡು ಮಾತು ಗೊಣಗಿಕೊಂಡರು. ನಾನು ಗೆದ್ದೆನೆಂದು ಎದೆಯುಬ್ಬಿಸಿ ಸುಮತಿಯ ಕಡೆ ನೋಡಿದೆ. ಆಗ ಅವರು, "ಯಾವ ಹಿಟ್ಟು?" ಎಂದರು. "ಅಪ್ಪಟ ಅಕ್ಕಿ ಸಾಹೇಬ್ರೇ, ಗೋಧಿಯ ಗಾಳಿಯೂ ಸೋಕಿಲ್ಲ," ಎಂದೆ.

ಅವರು ರೊಟ್ಟಿಯನ್ನು ಮೆಲ್ಲನೆ ಕೆಳಗಿಟ್ಟರು. ಯಿಡ್ಡಿಷ್ ಭಾಷೆಯಾಡುವ, ಪೋಲೆಂಡಿನಂಥ ಚಳಿದೇಶದಿಂದ ಬಂದ ಅವರ ಪೈಕಿಯ ಯಹೂದಿಗಳಿಗೆ ಆ ಎಂಟು ದಿನ ಅಕ್ಕಿಯೂ ವರ್ಜ್ಯವಂತೆ. ನೆನೆದರೆ ಹುಳಿಬರುವ ಗೋಧಿ ಅಕ್ಕಿಯ ಚೀಲದಲ್ಲಿ ಎಲ್ಲಾದರೂ ಬೆರೆತಿದ್ದರೆ ಎಂಬ ಹೆದರಿಕೆಯಿಂದ ಹಿರಿಯರು ಬಿಟ್ಟದ್ದು. ಅದೇ ಬಾಗ್ದಾದಿನ ಯಹೂದಿಗಳು ಆರಾಮವಾಗಿ ಅನ್ನ ಉಣ್ಣುತ್ತಾರಂತೆ. ನಾನು ಬಿಡುವವನೇ? "ಬಾಗ್ದಾದ್ ಇಲ್ಲೇ ಪಕ್ಕದಲ್ಲಿದೆ. ಒಂದು ಮಧ್ಯಾಹ್ನದ ಮಟ್ಟಿಗೆ ಅವರ ಪೈಕಿ ಆಗಿಬಿಡಿ. ಒಂದೇ ತುಂಡು, ಸಾರಿನಲ್ಲಿ ನೆನೆಸಿ," ಎಂದೆ. "ಅಮ್ಮ ನನ್ನ ಕಿವಿ ಹಿಂಡುತ್ತಿದ್ದಳು. ಯಿಡ್ಡಿಷ್ ಬಾರದವರನ್ನು ಅವಳು ಯಹೂದಿಗಳೆಂದು ಒಪ್ಪಿದ್ದೇ ಕಷ್ಟದಲ್ಲಿ," ಎಂದರು ಅವರು. "ಅಮ್ಮನಿಗೆ ಯಾರು ಹೇಳುತ್ತಾರೆ ಸಾಹೇಬ್ರೇ?" ಎಂದು ನಾನು ರೊಟ್ಟಿಯನ್ನು ಮುರಿದು ಅವರ ತಟ್ಟೆಗೇ ಹಾಕಿದೆ. ಅವರ ಮುಖದ ನಗು ಆರಿತು. ನಾನು ಹೇಳಬಾರದ್ದನ್ನು ಹೇಳಿಬಿಟ್ಟಿದ್ದೆ.

"ಮನಿಪಾಂದೆ ಕುಲ್ಲುಲೆ," ಎಂದಳು ಸುಮತಿ ತುಳುವಿನಲ್ಲಿ, ಬಾಯಿ ಮುಚ್ಚಿ ಕುಳಿತುಕೊಳ್ಳಿ ಎಂದು. ಆ ತಟ್ಟೆಯನ್ನು ಒಳಗೊಯ್ದು, ಬೇರೆ ತಟ್ಟೆಯಲ್ಲಿ ಬಿಸಿ ಆಲೂಗಡ್ಡೆ ತಂದಳು. ಯಾವುದಕ್ಕೂ ಇರಲಿ ಎಂದು ಅವಳು ಮೊದಲೇ ಬೇಯಿಸಿಟ್ಟಿದ್ದಳು. ಸಾಹೇಬರು ಕಿವಿ ನಿಮಿರಿಸಿ, "ಇದು ಯಾವ ಭಾಷೆ? ನಮ್ಮಮ್ಮ ಅಪ್ಪನಿಗೆ ದಿನಾ ಇದೇ ಧಾಟಿಯಲ್ಲಿ ಇದನ್ನೇ ಹೇಳುತ್ತಿದ್ದಳು," ಎಂದರು. ಮನೆಮಾತು ತುಳು, ಬರೆಯುವುದು ಕನ್ನಡ ಅಕ್ಷರದಲ್ಲಿ, ಎಂದೆ. ಅವರಿಗೆ ಖುಷಿಯೋ ಖುಷಿ. ಯಿಡ್ಡಿಷ್ ಕೂಡ ಹಾಗೇ ಅಂತೆ, ಮಾತು ಜರ್ಮನ್ ಭಾಷೆಯ ನೆಂಟ, ಅಕ್ಷರ ಹೀಬ್ರೂವಿನದು. ಪಂಪು ಕೈಕೊಟ್ಟಾಗ ಅವರು ಗೊಣಗುತ್ತಿದ್ದದ್ದು ಅದರಲ್ಲೇ. "ನಿನ್ನ ಮಗಳ ಮದುವೆಗೆ ಊರೆಲ್ಲ ಬರಲಿ, ಅಡುಗೆಯವನೊಬ್ಬ ಬಾರದಿರಲಿ," ಎಂಬ ಶಾಪವನ್ನು ಕೇಳಿ ಸುಮತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವರಮ್ಮ ಹುಟ್ಟಿದ ಪೋಲೆಂಡಿನ ಊರಿನಲ್ಲಿ ಆ ಮಾತಾಡುವವರನ್ನು ಯುದ್ಧದ ಕಾಲದಲ್ಲಿ ಕೊಂದು ಮುಗಿಸಿದರಂತೆ, ಒಬ್ಬರೂ ಉಳಿದಿಲ್ಲ. ಸಾಹೇಬರ ಮಗಳಿಗೆ ಯಿಡ್ಡಿಷ್ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಒಳಗಿನಿಂದ ನಮ್ಮ ಮಗಳೂ ಅಮ್ಮನ ತುಳುವಿಗೆ ಇಂಗ್ಲಿಷಿನಲ್ಲೇ ಓಗೊಟ್ಟಳು. ಸಾಹೇಬರು ಸಾರಿನೊಂದಿಗೆ ಮೂರು ಆಲೂಗಡ್ಡೆ ತಿಂದು, ಕೊಟ್ಟ ಮಾತು ಉಳಿಸಿಕೊಂಡು ಎದ್ದರು.

ಹಬ್ಬ ಮುಗಿದ ಮೇಲಿನ ಶುಕ್ರವಾರ ಅವರ ಮನೆಯಲ್ಲಿ ನಮಗೆ ಊಟ. ತಾಯಿ ಕಲಿಸಿದ ಅಡುಗೆಯನ್ನು ಬೆಳಗ್ಗಿನಿಂದ ಕೂತು ಮಾಡಿದ್ದರು. ಮೀನನ್ನು ಅರೆದು, ಉಂಡೆ ಕಟ್ಟಿ, ಬೇಯಿಸಿ, ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿದ್ದು. ಮೆಣಸಿಲ್ಲ, ಹುಳಿಯಿಲ್ಲ. ಸಕ್ಕರೆ ಇದೆ. ಮೀನಿಗೆ ಸಕ್ಕರೆ. ಕಾಪುವಿನ ಕಡಲಲ್ಲಿ ಹುಟ್ಟಿದ ಯಾವ ಮೀನಿಗೂ ಇಂಥ ಗತಿ ಬಂದಿರಲಿಕ್ಕಿಲ್ಲ. ವಾಸನೆ ಮೂಗಿಗೆ ಬಡಿದದ್ದೇ ತಡ, "ಅಯ್ಯೋ ಸಾಹೇಬ್ರೇ, ಇವತ್ತು ನನಗೆ ವ್ರತ," ಎಂಬ ಮಾತು ಬಾಯಿಂದ ಜಾರಿಬಿಟ್ಟಿತು. ಸುಮತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಅವಳು ಎರಡು ಉಂಡೆ ತಿಂದು, ಮಾಡುವ ಕ್ರಮವನ್ನೂ ಕೇಳಿಕೊಂಡಳು.

ಸಾಹೇಬರು ಯಾವ ವ್ರತ ಎಂದು ಕೇಳಲಿಲ್ಲ. ಒಂದೇ ತುಂಡು ಎನ್ನಲಿಲ್ಲ. ಎದ್ದು ಹೋಗಿ ಹೊಸ ತಟ್ಟೆಯೊಂದನ್ನು ತೊಳೆದು, ಅದರಲ್ಲಿ ಎರಡು ಬಾಳೆಹಣ್ಣು ಇಟ್ಟು ತಂದು, "ಹಣ್ಣು ಆಗುತ್ತದಾ ನಿಮಗೆ?" ಎಂದು ಮೆಲ್ಲಗೆ ಕೇಳಿದರು. ಆಗುತ್ತದೆ ಎಂದೆ. ಅವರಿಬ್ಬರೂ ನಗುತ್ತಾ ಉಣ್ಣುತ್ತಿದ್ದರೆ, ಒಳ್ಳೆಯ ಹಸಿವೆಯಲ್ಲಿದ್ದ ನಾನು ತಲೆ ತಗ್ಗಿಸಿ ಬಾಳೆಹಣ್ಣು ಸುಲಿದೆ.