ಬಿಜಲಿಗೊಂದು ಒಳ್ಳೆ ಮನಿ ಬೇಕಾಗಿದೆ

ನಾನು ಗಂಭೀರವಾಗಿ ಏನಾದರೂ ಮಾಡಲು ಹೊರಟಾಗಲೆಲ್ಲ ಅಫಜಲಪುರದ ಮಂದಿಗೆ ನಗಲು ಒಂದಿಲ್ಲೊಂದು ಕಾರಣ ಸಿಕ್ಕೇ ಸಿಗುತ್ತದೆ. ಈ ಸಲ ಸಿಕ್ಕಿದ್ದು ನನ್ನ ಕುದುರೆ ಬಿಜಲಿಯ ನೆಪದಲ್ಲಿ. ಪಂಪ್‌ಸೆಟ್ ರಿಪೇರಿ ಮಾಡುವವನಿಗೆ ಕುದುರೆ ಯಾಕೆ ಎಂದು ಎಲ್ಲರೂ ಕೇಳಿದ್ದರು. ಹೊಟ್ಟೆ ಕರಗಿಸಲಿಕ್ಕೆ ಎಂದಿದ್ದೆ. ಹೊಟ್ಟೆ ಹಾಗೇ ಉಳಿದು ಸೊಂಟ ಹೋಯಿತು.

"ಇನ್ನ ಕುದುರಿ ಹತ್ತಿದ್ರ ನನ್ನ ದವಾಖಾನಿ ಮೆಟ್ಟಲಾ ಹತ್ತಬ್ಯಾಡ್ರಿ" ಎಂದರು ಡಾಕ್ಟರು.

ಬಿಜಲಿ ಸವಾರಿಗೂ ಸೈ, ಗಾಡಿ ಎಳೆಯಲಿಕ್ಕೂ ಸೈ, ಮದುವೆ ಮೆರವಣಿಗೆಗೂ ಸೈ. ಅಂಥವಳನ್ನು ಗೂಟಕ್ಕೆ ಕಟ್ಟಿ ಸೊರಗಿಸಲು ಮನಸ್ಸಾಗಲಿಲ್ಲ. ಚೆನ್ನಾಗಿ ನೋಡಿಕೊಳ್ಳುವ ಮನೆ ಹುಡುಕತೊಡಗಿದೆ.

ವಾಟ್ಸಾಪಿನಲ್ಲಿ ಹಾಕಿದ್ದು

"ಬೆಳ್ಳಗ ಅದಾಳ, ಸಾಧು ಗುಣ, ಎಲ್ಲಾ ಕೆಲಸಾ ಬರ್ತದ. ಒಳ್ಳೆ ಮನಿ ನೋಡಾಕತ್ತೇನಿ" ಎಂದು ಬರೆದು ಗೊತ್ತಿದ್ದ ಗ್ರೂಪುಗಳಿಗೆಲ್ಲ ಕಳಿಸಿದೆ. ಕುದುರೆ ಎಂಬ ಶಬ್ದ ಹಾಕುವುದನ್ನೇ ಮರೆತಿದ್ದೆ.

ಸಂಜೆ ಜಿಡಗಾ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದರು. "ನಮ್ಮ ಹುಡುಗ ಆಳಂದದಾಗ ಮಾಸ್ತರ್ ಅದಾನ್ರಿ. ನಿಮ್ಮಾಕಿ ಎಲ್ಲಿತನಾ ಓದ್ಯಾಳ?"

"ಓದೂದೆಲ್ಲಿ ಬಂತ್ರಿ, ಅದು ಕುದುರಿ" ಎಂದೆ.

ಹಿರಿಯರು ದನಿ ತಗ್ಗಿಸಿ, "ತಂದಿಯಾದಂವ ಮಗಳಿಗೆ ಹಂಗ ಅನಬಾರದ್ರಿ" ಎಂದರು.

ಬ್ಯಾಂಡಿನವನ ಪರೀಕ್ಷೆ

ಆಳಂದದ ಬ್ಯಾಂಡಿನವನೊಬ್ಬ ಮದುವೆಗಳಿಗೆಂದು ಕುದುರೆ ನೋಡಲು ಬಂದ. ತನ್ನ ಬಾರಿಸುವವರನ್ನೂ ಕರೆತಂದಿದ್ದ.

"ಬಾಜಾ ಕೇಳಿ ಬೆದರತದೇನ್ರಿ?"

"ಬೆದರೂದಾ? ಕುಣಿತಾಳ" ಎಂದವನೇ, ಡಾಕ್ಟರ ಮಾತು ಮರೆತು ಕಟ್ಟೆಯ ಮೇಲಿಂದ ಬಿಜಲಿಯನ್ನು ಹತ್ತಿದೆ. ಬ್ಯಾಂಡು ಶುರುವಾಯಿತು. ಬಿಜಲಿ ನಿಜಕ್ಕೂ ಕುಣಿದಳು. ಬ್ಯಾಂಡು ನಿಂತಿತು, ಬಿಜಲಿ ನಿಂತಳು, ನನ್ನ ಸೊಂಟ ಹಿಡಿದುಕೊಂಡಿತು. ಇಳಿಯಲು ಆಗದೆ ಮೇಲೇ ಕುಳಿತೆ. ಓಣಿಯೆಲ್ಲ ನೆರೆಯಿತು.

ಹಿಂದಿನ ಓಣಿಯ ಮುದುಕಿ ಮೆರವಣಿಗೆ ಎಂದುಕೊಂಡು ಓಡಿ ಬಂದಿದ್ದಳು. ನನ್ನನ್ನು ದಿಟ್ಟಿಸಿ ನೋಡಿ, ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿಯನ್ನೇ ಕೇಳಿದಳು: "ಮದಿಮಗ ಭಾಳ ವಯಸ್ಸಾದಂಗ ಕಾಣ್ತಾನಲ್ಲಬೇ. ಎರಡನೇ ಲಗ್ನ ಏನು?"

"ಹೌದತ್ಯಾ" ಎಂದಳು ಹೆಂಡತಿ. "ಮದಲನೇದಾಕಿ ಒಪ್ಪಿಗಿ ಕೊಟ್ಟಾಳ. ಹೆಣ್ಣು ಸಿಗವಲ್ದು."

ಭಜಿ ಅಂಗಡಿ

ಮದುವೆ ದಿನಗಳು ಮುಗಿದ ಮೇಲೆ ಕುದುರೆಯನ್ನು ರಸ್ತೆಗೆ ಬಿಡುತ್ತೇನೆ ಎಂದನಾದ್ದರಿಂದ ಬ್ಯಾಂಡಿನವನಿಗೆ ಕೊಡಲಿಲ್ಲ. ಕಡೆಗೆ ಜೇವರ್ಗಿ ಕಡೆಯ ಅಂದೋಲಾದಿಂದ ಒಬ್ಬ ರೈತ ಹೆಣ್ಣುಮಗಳು ಟೆಂಪೋ ಮಾಡಿಕೊಂಡು ಬಂದಳು.

"ಮಳಿಗಾಲದಾಗ ಕರಿ ಮಣ್ಣಿನ ಎರಿ ಹೊಲಕ್ಕ ಮೋಟರ್ ಸೈಕಲ್ ಹೋಗೂದಿಲ್ರಿ. ಕುದುರಿ ಇದ್ರ ಚಲೋ" ಎಂದಳು. ಕಾಲೆತ್ತಿ ಗೊರಸು ನೋಡಿದಳು, ಬಾಯಿ ತೆರೆದು ಹಲ್ಲು ನೋಡಿದಳು. ಬಿಜಲಿ ಹೋಗಿ ಅವಳ ಹೆಗಲ ಮೇಲೆ ಮೂತಿ ಇಟ್ಟಳು. ಮನೆ ಸಿಕ್ಕಿತು ಎಂದು ಅನ್ನಿಸಿದ ಕೂಡಲೇ ಬಿಜಲಿಯ ಕೊರಳು ತಟ್ಟಿದೆ.

ಅವಳು ಒಂದು ಸುತ್ತು ಓಡಿಸಿ ನೋಡುತ್ತೇನೆಂದು ಹೋದಳು. ಬಹಳ ಹೊತ್ತಿನ ಮೇಲೆ ಕೈಯಲ್ಲೊಂದು ಎಣ್ಣೆ ಜಿಡ್ಡಿನ ಪೊಟ್ಟಣ ಹಿಡಿದು ಬಂದಳು.

"ಭಜಿ ಅಂಗಡಿ ಮುಂದ ತಾನ ನಿಂತಳ್ರಿ, ಏನ್ ಮಾಡಿದ್ರೂ ಕದಲಲಿಲ್ಲ. ಅಂಗಡಿಯಂವ ನನ್ನ ಮುಖಾ ಸೈತ ನೋಡಲಾರದ ಇದನ್ನ ಕೈಯಾಗ ಕೊಟ್ಟ. ಸಾಹೇಬರ ದಿನದ ಮಿರ್ಚಿ ಅಂತ."

ದಿನಾ ಬೆಳಿಗ್ಗೆ ಬಿಜಲಿಯ ಮೇಲೆ ಭೀಮಾ ನದಿಯ ದಂಡೆವರೆಗೆ ಹೋಗಿಬರುತ್ತೇನೆ ಎಂದು ಮನೆಯಲ್ಲಿ ಹೇಳುತ್ತಿದ್ದವನು ನಾನು. ಹೆಂಡತಿ ಪೊಟ್ಟಣ ಬಿಚ್ಚಿ ನೋಡಿದಳು. ನಾನು ಮುಗಿಲು ನೋಡಿದೆ.

"ಅಕ್ಕಾ, ಖರೇ ಹೇಳಾಕಿ ಈ ಮನ್ಯಾಗ ಕುದುರಿ ಒಬ್ಬಾಕೆ" ಎಂದಳು ಹೆಂಡತಿ. "ಆಕಿನ್ನ ಇಲ್ಲೇ ಬಿಡ್ರಿ. ಬೇಕಾದ್ರ ಇವರನ್ನ ಒಯ್ರಿ."

ಆ ಹೆಣ್ಣುಮಗಳು ಬಿಜಲಿಯನ್ನು ನೋಡಿದ ಹಾಗೇ ನನ್ನನ್ನೂ ಕಾಲಿನಿಂದ ತಲೆಯವರೆಗೆ ನೋಡಿದಳು.

"ಏನೇನ್ ಕೆಲಸಾ ಬರ್ತದ್ರಿ ಇವರಿಗೆ?"

"ಏನೂ ಬರೂದಿಲ್ರಿ" ಎಂದಳು ಹೆಂಡತಿ.

"ಹಂಗಾದ್ರ ನನಗ ಕುದುರಿನೇ ಇರಲ್ರಿ" ಎಂದು ಬಿಜಲಿಯನ್ನು ಟೆಂಪೋ ಹತ್ತಿಸಿದಳು.