ಪ್ಯಾಕಿಂಗ್ ವಿಭಾಗದಲ್ಲಿ ಒಂದು ಕುರ್ಚಿ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಕುರ್ಚಿ. ಅದನ್ನು ಪ್ರೊಫೆಸರಮ್ಮ ಕೇಳಿರಲೂ ಇಲ್ಲ.

ಕಾರ್ಖಾನೆಯಲ್ಲಿ ದುಡಿಯುವವರು ಹೇಗಿರುತ್ತಾರೆ, ಯಾರ ಮಾತು ಯಾರು ಕೇಳುತ್ತಾರೆ, ಯಾಕೆ ಮುನಿಯುತ್ತಾರೆ ಎಂಬುದೂ ಒಂದು ಶಾಸ್ತ್ರವೇ ಎಂದು ಕಾಲೇಜಿನಲ್ಲಿ ಎಲ್ಲರೊಂದಿಗೂ ಜಗಳವಾಡಿ, ಅದಕ್ಕೊಂದು ವಿಭಾಗವನ್ನೇ ತೆರೆಸಿದವಳು ಅವಳು. ಅದಕ್ಕೆ ಮೊದಲು ಅಂಥದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ. ಕೆಲಸಗಾರರನ್ನು ನೋಡಲೆಂದು ಗಣಿಗೆ ಹೋದರೆ ಗೇಟಿನವನು, "ಹೆಂಗಸರನ್ನ ಒಳಗೆ ಬಿಡಲ್ಲ" ಎಂದ. ಬಟ್ಟೆ ಗಿರಣಿಗೆ ಹೋದರೆ, "ಕೆಲಸ ಖಾಲಿ ಇಲ್ಲಮ್ಮ" ಎಂದರು. ಮನೆಯಲ್ಲಿ ಅತ್ತೆಯದು ಬೇರೆಯೇ ರಾಗ.

"ಬೇರೆಯವರು ಕೆಲಸ ಮಾಡೋದನ್ನ ನೋಡೋಕೂ ಡಾಕ್ಟರೇಟ್ ಕೊಡ್ತಾರಾ? ಹಾಗಾದ್ರೆ ನಿನ್ನ ಗಂಡನಿಗೂ ಒಂದು ಕೊಡ್ಸು. ಮದುವೆ ಆದಾಗಿಂದ ನೀನು ಕೆಲಸ ಮಾಡೋದನ್ನ ಅವನು ನೋಡ್ತಾನೇ ಇದ್ದಾನೆ!"

ಹಾಗಾಗಿ ಈ ಸಾಬೂನು ಕಾರ್ಖಾನೆ ಒಂದು ದಿನದ ಮಟ್ಟಿಗೆ ಬಾಗಿಲು ತೆರೆದದ್ದೇ ದೊಡ್ಡದು. ಗೋಡೆಗೆ ಒರಗಿ, ಇದ್ದೂ ಇಲ್ಲದಂತೆ ನಿಂತು ನೋಡಿಕೊಂಡು ಬರೋಣವೆಂದು ಅವಳು ಗೋಡೆಯ ಬಣ್ಣದ್ದೇ ಬಟ್ಟೆ ತೊಟ್ಟು ಬಂದಿದ್ದಳು. ಆದರೆ ಸೂಪರ್‌ವೈಸರ್, ಅಂದರೆ ಹಗಲೂ ರಾತ್ರಿ ಕೊರಳಲ್ಲಿ ಸೀಟಿ ನೇತಾಡಿಸಿಕೊಂಡಿದ್ದಕ್ಕೆ 'ಸೀಟಿ' ಎಂದೇ ಹೆಸರಾದವನು, ಯಜಮಾನರ ಕೋಣೆಯಿಂದ ಮೆತ್ತನೆಯ ಕುರ್ಚಿಯೊಂದನ್ನು ಉರುಳಿಸಿಕೊಂಡು ಬಂದು ಪ್ಯಾಕಿಂಗ್ ವಿಭಾಗದ ನಟ್ಟನಡುವೆ ಇಟ್ಟ.

"ನಾನು ನಿಂತೇ ನೋಡ್ತೀನಿ."

"ನೀವು ನಿಂತ್ರೆ ನನ್ನ ಕೆಲಸ ಹೋಗುತ್ತೆ ಮೇಡಂ. ಕೂತ್ಕೊಳ್ಳಿ!"

ಕೂತಳು. ಸಾಬೂನು ಹೊತ್ತು ಸಾಗುವ ಬೆಲ್ಟಿನ ಎರಡೂ ಬದಿ ನಿಂತು ಸಾಬೂನಿಗೆ ಕಾಗದ ಸುತ್ತುತ್ತಿದ್ದ ಹೆಂಗಸರೆಲ್ಲ ಒಮ್ಮೆ ಕುರ್ಚಿಯನ್ನು, ಒಮ್ಮೆ ಅವಳನ್ನು ನೋಡಿದರು. ಮರುಕ್ಷಣ ಅವರ ಕೈಗಳು ಪರೀಕ್ಷೆಯಲ್ಲಿ ಎಚ್ಚರಿಕೆಯ ಗಂಟೆ ಕೇಳಿದವರ ಕೈಗಳಂತೆ ಓಡತೊಡಗಿದವು.

"ಅಯ್ಯೋ, ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ!" ಪ್ರೊಫೆಸರಮ್ಮ ಅಂಗಲಾಚಿದಳು.

"ದಿನಾ ಹೀಗೇ ಮೇಡಂ," ಎಂದಳು ಅವರಲ್ಲಿ ಹಿರಿಯಳಾದ ದೊಡ್ಡಕ್ಕ. "ನಗ್ತಾ ನಗ್ತಾ ಮಾಡ್ತೀವಿ." ಅಂದದ್ದೇ ತಡ, ಎಲ್ಲರೂ ಫೋಟೋಗೆ ನಿಂತವರಂತೆ ಹಲ್ಲು ಬಿಟ್ಟರು.

ಪ್ರೊಫೆಸರಮ್ಮ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಅಷ್ಟರಲ್ಲಿ ಸಾಲಿನ ತುದಿಯಲ್ಲಿ ತುಂಬು ಬಸುರಿಯೊಬ್ಬಳು ಸೊಂಟ ಹಿಡಿದುಕೊಂಡು ಕಾಲು ಬದಲಿಸುತ್ತಿದ್ದದ್ದು ಕಣ್ಣಿಗೆ ಬಿತ್ತು. ಪಾದಗಳು ಬನ್ನಿನಂತೆ ಊದಿದ್ದವು. ಪ್ರೊಫೆಸರಮ್ಮನಿಗೆ ತಡೆಯಲಾಗಲಿಲ್ಲ.

"ಬಾ ತಂಗಿ, ಸ್ವಲ್ಪ ಹೊತ್ತು ಇಲ್ಲಿ ಕೂತ್ಕೋ. ನಿನ್ನ ಕೆಲಸ ನಾನು ನೋಡ್ಕೋತೀನಿ."

ಬಸುರಿ ಕೂತು ಬಿಟ್ಟ ನಿಟ್ಟುಸಿರು ಇಡೀ ವಿಭಾಗಕ್ಕೆ ಕೇಳಿಸಿತು. ಅವಳ ಜಾಗದಲ್ಲಿ ನಿಂತ ಪ್ರೊಫೆಸರಮ್ಮನ ಕೈಯಲ್ಲಿ ಸಾಬೂನು ಮೀನಿನಂತೆ ಜಾರಿತು. ಒಂದು ಕಾಗದ ಸಾಬೂನಿಲ್ಲದೆ ಹೋಯಿತು, ಒಂದು ಸಾಬೂನು ಬೆತ್ತಲೆ ಹೋಯಿತು, ಉಳಿದವು ಗುಡ್ಡೆ ಬಿದ್ದು ನೆಲಕ್ಕುರುಳಿದವು. ಏನಾಯಿತೆಂದು ಓಡಿ ಬಂದ ಸೀಟಿ ಒಂದರ ಮೇಲೆ ಕಾಲಿಟ್ಟ. ಗಾಬರಿಯಲ್ಲಿ ಕೊರಳ ಸೀಟಿ ಊದುತ್ತಲೇ ಈ ಗೋಡೆಯಿಂದ ಆ ಗೋಡೆಯವರೆಗೆ ಜಾರಿಕೊಂಡು ಹೋಗಿ ಬಿದ್ದ. ಸೀಟಿ ಕೇಳಿದರೆ ಬೆಲ್ಟ್ ನಿಲ್ಲಿಸಬೇಕೆಂಬುದು ಅವನೇ ಮಾಡಿದ ನಿಯಮ. ಬೆಲ್ಟ್ ನಿಂತಿತು.

"ಯಾರೇ ಅದು ಯಜಮಾನರ ಕುರ್ಚಿ ಮೇಲೆ? ಏಳು!" ಬಿದ್ದಲ್ಲಿಂದಲೇ ಕೂಗಿದ.

"ಅವಳು ಏಳಲ್ಲ," ಎಂದಳು ದೊಡ್ಡಕ್ಕ. "ನಮಗೂ ಕುರ್ಚಿ ಬೇಕು. ಪ್ರೊಫೆಸರಮ್ಮಾನೇ ಹೇಳಿದಾರೆ."

"ನಾನೆಲ್ಲಿ ಹೇಳಿದೆ? ನಾನು ಬರೀ ನೋಡೋಕೆ ಬಂದಿದ್ದು!"

"ಹೆದರ್ಕೋಬೇಡಿ ಮೇಡಂ, ನಾವಿದ್ದೀವಿ."

ಹೆಂಗಸರೆಲ್ಲ ನೆಲದ ಮೇಲೆ ಕೂತೇಬಿಟ್ಟರು. ಪಕ್ಕದ ಬಾಯ್ಲರ್ ಕೋಣೆಯ ಗಂಡಸರು ಇಣುಕಿ ನೋಡಿ, "ಏನಂತೆ?" ಎಂದರು. "ಗೊತ್ತಿಲ್ಲ, ಪ್ರೊಫೆಸರಮ್ಮನ ಮುಷ್ಕರ ಅಂತೆ" ಎಂದು ತಮ್ಮಲ್ಲೇ ಹೇಳಿಕೊಂಡು ಅವರೂ ಕೂತರು.

ಯಜಮಾನರೇ ಬಂದರು. ಅವರು ಕಾಲೇಜಿನ ಆಡಳಿತ ಮಂಡಳಿಗೂ ಅಧ್ಯಕ್ಷರು. ಪ್ರೊಫೆಸರಮ್ಮ ಕೈಯಲ್ಲಿದ್ದ ಸಾಬೂನನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಏನಮ್ಮಾ, ನೋಡ್ಕೊಂಡು ಹೋಗ್ತೀನಿ ಅಂತ ಬಂದು ಮುಷ್ಕರ ಮಾಡಿಸ್ತಿದ್ದೀರಾ?"

'ನನಗೇನೂ ಗೊತ್ತಿಲ್ಲ' ಎಂದು ಕೈತೊಳೆದುಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಬೆಳಗಿನಿಂದ ತಡೆದಿದ್ದ ಸಿಟ್ಟು ಅವಳ ಕೈಮೀರಿತು.

"ನಾನೇನೂ ಮಾಡಿಸ್ಲಿಲ್ಲ ಸರ್. ಆದ್ರೆ ದಿನವಿಡೀ ನಿಂತ್ರೆ ಕಾಲು ಊದುತ್ತೆ ಅನ್ನೋಕೆ ಯಾವ ಶಾಸ್ತ್ರಾನೂ ಬೇಡ. ಕುರ್ಚಿ ಕೊಡಿ, ಕೆಲಸ ತಾನಾಗೇ ಆಗುತ್ತೆ!"

ಯಜಮಾನರು ನಿಂತ ಬೆಲ್ಟನ್ನು ನೋಡಿದರು, ಹೊರಗೆ ಕಾಯುತ್ತಿದ್ದ ಲಾರಿಯನ್ನು ನೋಡಿದರು. "ಆಯ್ತು. ಇವತ್ತೇ ಕೊಡ್ತೀನಿ," ಎಂದು ಫೋನಿನತ್ತ ನಡೆದರು.

ಹೆಂಗಸರು ಹೋ ಎಂದು ಅವಳನ್ನು ಮುತ್ತಿಕೊಂಡರು. ಬಸುರಿ ಅವಳ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ತನ್ನ ಶಾಸ್ತ್ರದಿಂದ ಒಬ್ಬರಿಗಾದರೂ ಉಪಕಾರವಾಯಿತಲ್ಲ ಎಂದು ಪ್ರೊಫೆಸರಮ್ಮನ ಕಣ್ಣು ತುಂಬಿತು.

ಮಧ್ಯಾಹ್ನ ವ್ಯಾನ್ ಬಂತು. ಕುರ್ಚಿಗಳು ಒಂದೊಂದೇ ಇಳಿದವು. ಒಳ್ಳೆಯ ಮರದವು, ಬಲಗೈ ಬದಿಗೆ ಬರೆಯುವ ಹಲಗೆ ಬೇರೆ. "ಸಾಬೂನು ಇಟ್ಕೊಳ್ಳೋಕೆ ಎಷ್ಟು ಚೆನ್ನಾಗಿದೆ ನೋಡ್ರೇ!" ಎಂದಳು ದೊಡ್ಡಕ್ಕ. ಬರೆಯುವ ಹಲಗೆ ಕಂಡದ್ದೇ ಪ್ರೊಫೆಸರಮ್ಮ ವ್ಯಾನಿನತ್ತ ಓಡಿದಳು. ವ್ಯಾನಿನ ಮುಂದಿನ ಸೀಟಿನಿಂದ ಅವಳ ಪ್ರಿನ್ಸಿಪಾಲರೇ ಇಳಿದರು.

"ಯಜಮಾನರು ಫೋನ್ ಮಾಡಿದ್ರು. ತಕ್ಷಣ ನಿಮ್ಮ ವಿಭಾಗ ಪೂರ್ತಿ ಖಾಲಿ ಮಾಡಿಸ್ಬಿಟ್ಟೆ," ಎಂದರು ಹೆಮ್ಮೆಯಿಂದ.

"ಸರ್, ವಿದ್ಯಾರ್ಥಿಗಳು ಎಲ್ಲಿ ಕೂತ್ಕೋತಾರೆ?"

"ನಿಂತ್ಕೊಂಡೇ ಕೇಳ್ಲಿ. ಕಾರ್ಖಾನೆ ಅನುಭವ ಬೇಕು ಅಂತ ನೀವೇ ಹೇಳ್ತಿದ್ರಲ್ಲ! ಇಲ್ಲಿಗೆ ಒಂದು ಕಮ್ಮಿ ಬೀಳ್ತಿತ್ತು ಅಂತ ನಿಮ್ಮ ಕುರ್ಚಿನೂ ಹಾಕ್ಕೊಂಡು ಬಂದೆ."

ಆ ಕುರ್ಚಿಯಲ್ಲಿ ಸೀಟಿ ಆಗಲೇ ನೋಯುವ ಸೊಂಟ ಒರಗಿಸಿ ಕೂತಿದ್ದ. ಯಜಮಾನರ ಮೆತ್ತನೆಯ ಕುರ್ಚಿ ಕೋಣೆಗೆ ವಾಪಸಾಗಿತ್ತು. ಹೆಂಗಸರೆಲ್ಲ ಕಾಲು ಚಾಚಿ ಕೂತು ಕಾಗದ ಕೈಗೆತ್ತಿಕೊಂಡಿದ್ದರು. ಇಡೀ ವಿಭಾಗದಲ್ಲಿ ನಿಂತಿದ್ದವಳು ಅವಳೊಬ್ಬಳೇ.

ಸೀಟಿ ಕತ್ತು ಹೊರಳಿಸಿ ನೋಡಿದ.

"ಮೇಡಂ, ಸ್ವಲ್ಪ ಪಕ್ಕಕ್ಕೆ ನಿಂತ್ಕೋತೀರಾ? ಬೆಲ್ಟ್ ಶುರು ಮಾಡ್ಬೇಕು."